ಹೆಚ್ಚುಕಡಿಮೆಗೆ ದಡ ಕಟ್ಟಿದ ಮಾವ

ನಮ್ಮ ಸೋದರಮಾವನಿಗೆ ಈ ಭೂಮಿಯ ಮೇಲೆ ವೈರಿ ಅಂತ ಇರುವುದು ಒಂದೇ ಒಂದು. ಅದೂ ಮನುಷ್ಯನಲ್ಲ, ಒಂದು ಶಬ್ದ. ಆ ಶಬ್ದ 'ಸುಮಾರು'. ಅದರ ಅಣ್ಣತಮ್ಮಂದಿರಾದ 'ಅಂದಾಜು', 'ಹೆಚ್ಚುಕಡಿಮೆ', 'ಹತ್ತಿಪ್ಪತ್ತು', 'ನಾಲ್ಕೈದು' ಇವರ ಮೇಲೂ ಅಷ್ಟೇ ಸಿಟ್ಟು. ಅವರ ಮುಂದೆ ನೀವು "ಸುಮಾರು ಹತ್ತು ಗಂಟೆಗೆ ಬರ್ತೀನ್ರಿ" ಅಂದಿರೋ, ಮುಗಿಯಿತು ನಿಮ್ಮ ಕಥೆ. "ಸುಮಾರು ಅಂದ್ರ? ಒಂಬತ್ತೂ ಐವತ್ತಕ್ಕೋ, ಹತ್ತೂ ಹತ್ತಕ್ಕೋ? ನಾನು ಬಾಗ್ಲಾ ಎಷ್ಟೊತ್ತಿಗೆ ತಗೀಲಿ?" ಅಂತ ಕೇಳುತ್ತಾರೆ. ಇದು ಕೀಟಲೆ ಅಂದುಕೊಳ್ಳಬೇಡಿ. ಅವರಿಗೆ ನಿಜಕ್ಕೂ ಬಾಗಿಲು ಎಷ್ಟು ಹೊತ್ತಿಗೆ ತೆಗೆಯಬೇಕು ಅನ್ನುವುದೇ ಚಿಂತೆ.

ಇಂಥವರ ಕೈಯಲ್ಲಿ ನಾನು ಇಟಾಲಿಯನ್ ಭಾಷೆಯ 'ಹೆಚ್ಚುಕಡಿಮೆ' ಕಲಿತೆ ಅಂದರೆ ನೀವು ನಂಬುವುದಿಲ್ಲ. ನಂಬಲೇಬೇಕೆಂದು ನನ್ನ ಒತ್ತಾಯವೂ ಇಲ್ಲ. ಸುಮ್ಮನೆ ಕೇಳಿ.

ಮಾವ ಟಿ.ಬಿ. ಡ್ಯಾಮಿನ ಕಡೆ ಒಂದು ಕಾಲುವೆಯಲ್ಲಿ ಗೇಜ್ ರೀಡರ್ ಆಗಿದ್ದರು. ಕಾಲುವೆಯ ಗೋಡೆಗಿರುವ ಅಳತೆಪಟ್ಟಿ ನೋಡಿ, ನೀರು ಎಲ್ಲಿಯವರೆಗೆ ಇದೆ ಎಂದು ಹೊತ್ತುಹೊತ್ತಿಗೆ ಫೋನಿನಲ್ಲಿ ಹೇಳುವುದು, ಇಷ್ಟೇ ಕೆಲಸ. ಮೂವತ್ತಾರು ವರ್ಷ ಇದನ್ನೇ ಮಾಡಿದರು. ಮೂವತ್ತಾರು ಅಂದೆ ನೋಡಿ, ಅವರ ಕಿವಿಗೇನಾದರೂ ಬಿದ್ದರೆ "ಮೂವತ್ತೈದು ವರ್ಷ, ಹನ್ನೊಂದು ತಿಂಗಳು, ನಾಕು ದಿನ" ಎಂದು ತಿದ್ದುತ್ತಾರೆ. "ಇಲ್ಲಿ ನಾನು ಎರಡು ಬೆರಳು ಹೆಚ್ಚು ಓದಿದೆ ಅಂದ್ರ, ಅಲ್ಲಿ ಮೆಟ್ರಿ ಊರಿನ ಕಡೀ ಗದ್ದಿಯಾಂವ ಒಣಾ ಕಾಲುವಿ ನೋಡ್ಕೊಂತ ಕುಂದ್ರತಾನ" ಅನ್ನುವುದು ಅವರ ಉಪದೇಶ. ಅದನ್ನು ನಾನು ಎಷ್ಟು ಸಲ ಕೇಳಿದ್ದೇನೆ ಅಂತ ಲೆಕ್ಕ ಇಟ್ಟಿಲ್ಲ. ಅವರು ಇಟ್ಟಿರಬಹುದು.

ನಿವೃತ್ತಿಯಾದ ಮೇಲೆ ಕಾಲುವೆ ಡ್ಯಾಮಿನಲ್ಲೇ ಉಳಿಯಿತು, ಮಾವ ಚಿತ್ತವಾಡ್ಗಿಗೆ ಬಂದರು, ನಮ್ಮ ಮನೆಯಿಂದ ಎರಡು ಓಣಿ ಆಚೆ. ಚಟ ಮಾತ್ರ ಅವರ ಬೆನ್ನು ಹತ್ತಿಕೊಂಡೇ ಬಂತು. ಓದಲು ನೀರಿಲ್ಲ, ಹಾಗಂತ ಸುಮ್ಮನೆ ಕೂರಲಾಗುತ್ತದೆಯೇ? ಮೊದಲು ಸಿಕ್ಕಿದ್ದು ಅತ್ತೆಯ ಅಡುಗೆಮನೆ. ಅತ್ತೆ ನಲವತ್ತು ವರ್ಷದಿಂದ ಉಪ್ಪನ್ನು ಕೈಯಲ್ಲಿ ಹಿಡಿದು ಅಂದಾಜಿಗೆ ಹಾಕುವವರು. ಮಾವ ಒಂದು ವಾರ ಪಕ್ಕದಲ್ಲಿ ನಿಂತು ಪ್ರತಿ ಚಿಟಿಕೆಯನ್ನೂ ಚಮಚದಲ್ಲಿ ಅಳೆದು ಬರೆದುಕೊಂಡರು. ಎಂಟನೇ ದಿನ ಅತ್ತೆ ತೌರಿಗೆ ಹೋದಾಗ ಆ ಪಟ್ಟಿಯ ಪ್ರಕಾರ ಕಟ್ಟುನಿಟ್ಟಾಗಿ ಸಾರು ಮಾಡಿ ನಮ್ಮನ್ನು ಊಟಕ್ಕೆ ಕರೆದರು. ಆ ಸಾರು ಉಂಡ ನಮ್ಮಮ್ಮ, ಅವರ ಸ್ವಂತ ಅಕ್ಕ, "ತಮ್ಮಾ, ಇದರಾಗ ಎಲ್ಲಾ ಐತಿ, ಸಾರೊಂದಽ ಇಲ್ಲ" ಅಂದಳು. ಊರಿಂದ ಬಂದ ಅತ್ತೆ ಪಟ್ಟಿಯನ್ನು ಒಲೆಗೆ ಹಾಕಿ, "ನಿಮ್ಮ ಅಳತಿ ಕಾಲುವಿಗೆ ಇರ್ಲಿ, ನನ್ನ ಒಲಿಗೆ ಬ್ಯಾಡ" ಅಂದರು. ಅವತ್ತಿನಿಂದ ಅಡುಗೆಮನೆಯ ಹೊಸ್ತಿಲು ಮಾವನಿಗೆ ಗಡಿ.

ಇನ್ನು ಕಂಪ್ಲಿ ಬಸ್ಸಿನ ಕಥೆ. ಹೊಸಪೇಟೆ ಬಸ್ ಸ್ಟ್ಯಾಂಡಿನಲ್ಲಿ ಒಬ್ಬರನ್ನು "ಕಂಪ್ಲಿ ಬಸ್ ಯಾವಾಗ್ರಿ?" ಎಂದು ಕೇಳಿದರು. "ಈಗ ಬರ್ತದ ನೋಡ್ರಿ" ಅಂತ ಉತ್ತರ ಬಂತು. ನಾವು ನೀವಾದರೆ ಏನು ಮಾಡುತ್ತೇವೆ? ಶೇಂಗಾ ತಿನ್ನುತ್ತಾ ನಿಲ್ಲುತ್ತೇವೆ. ಮಾವ ಗಡಿಯಾರ ನೋಡಿಕೊಂಡು ನಿಂತರು. ಬಸ್ಸು ಬಂದ ಮೇಲೆ ಹತ್ತಲಿಲ್ಲ, ತಿರುಗಿ ಆ ಮನುಷ್ಯನ ಹತ್ತಿರ ಹೋದರು. "ನೋಡ್ರಿ, ನಿಮ್ಮ 'ಈಗ' ಅನ್ನೂದು ನಲವತ್ತೇಳು ನಿಮಿಷ ಆತು. ಮುಂದ ಯಾರರ ಕೇಳಿದ್ರ ಹಂಗ ಹೇಳ್ರಿ" ಅಂದರು. ಇದನ್ನು ವಿವರಿಸುವಷ್ಟರಲ್ಲಿ ಬಸ್ಸು ಹೋಯಿತು. ಮುಂದಿನ ಬಸ್ಸಿಗೆ ಎಷ್ಟು ಹೊತ್ತು ಕಾದರೆಂದು ಅವರಿಗೆ ಗೊತ್ತು, ನಮಗೆ ಹೇಳಿಲ್ಲ.

ಸಂಡೂರಿನಲ್ಲಿ ದೂರದ ಸಂಬಂಧಿಕರ ಹುಡುಗಿಯ ನೋಡುವ ಶಾಸ್ತ್ರಕ್ಕೆ ಇವರನ್ನು ಹಿರಿಯರೆಂದು ಕರೆದುಕೊಂಡು ಹೋದದ್ದು ನಮ್ಮ ಮನೆತನ ಮಾಡಿದ ದೊಡ್ಡ ತಪ್ಪು. ಗಂಡಿನವರು ಹುಡುಗಿಯ ಎತ್ತರ ಕೇಳಿದರು. ಹುಡುಗಿಯ ಅಪ್ಪ "ಹೆಚ್ಚುಕಮ್ಮಿ ಐದೂಕಾಲು ಅಡಿ" ಅಂದರು. ಸಭೆಯಲ್ಲಿ ಎಲ್ಲರೂ ತಲೆಯಾಡಿಸಿದರು. ಮಾವ ಜೇಬಿನಿಂದ ಟೇಪು ತೆಗೆದರು! ಹುಡುಗಿಯನ್ನು ಅಳೆಯಲಿಲ್ಲ, ಅಷ್ಟು ಮರ್ಯಾದೆ ಉಂಟು. ಗಂಡನ್ನು ಅಳೆದರು. "ಇವರದು ಗೊತ್ತಾತಂದ್ರ ಜೋಡಿ ನಿಂತಾಗ ಕಣ್ಣಳತಿಲೆ ಅವರದು ತಿಳೀತದ" ಅಂತ ಸಮಜಾಯಿಷಿ. ಗಂಡು ತಾನೇ ಬರೆದು ಕಳಿಸಿದ್ದಕ್ಕಿಂತ ಎರಡು ಇಂಚು ಗಿಡ್ಡ ಎಂದು ಎಲ್ಲರಿಗೂ ತಿಳಿಯಿತು. ಹುಡುಗಿ ಬಾಗಿಲ ಮರೆಯಲ್ಲಿ ಕಿಸಕ್ಕನೆ ನಕ್ಕಳು, ಗಂಡೂ ನಕ್ಕ, ಆ ನಗುವಿನಲ್ಲೇ ಸಂಬಂಧ ಕುದುರಿತು. ಈಗಲೂ ಅವರಿಬ್ಬರು ಮಾವನಿಗೆ ಹಬ್ಬಕ್ಕೆ ಫೋನು ಮಾಡುತ್ತಾರೆ.

ಈಗ ನನ್ನ ಕಥೆಗೆ ಬರುತ್ತೇನೆ. ಹನ್ನೆರಡು ವರ್ಷ ಒಂದು ಖಾಸಗಿ ಶಾಲೆಯಲ್ಲಿ ಇತಿಹಾಸ ಕಲಿಸಿದೆ. ಒಂದು ಬೇಸಿಗೆ ರಜೆ ಮುಗಿದ ಮೇಲೆ ಶಾಲೆಯೇ ಬಾಗಿಲು ತೆರೆಯಲಿಲ್ಲ. ನಲವತ್ತರ ಹೊಸ್ತಿಲಲ್ಲಿ ನಿಂತ ಹೆಂಗಸಿಗೆ ಹೊಸ ಕೆಲಸ ಯಾರು ಕೊಡುತ್ತಾರೆ? ಮನೆಯಲ್ಲಿ ಅಮ್ಮ ಮತ್ತು ನಾನು ಇಬ್ಬರೇ. ಹಂಪಿಯಲ್ಲಿ ಗೈಡ್ ಆಗೋಣವೆಂದರೆ ಇಂಗ್ಲಿಷ್ ಗೈಡುಗಳು ಕಲ್ಲಿಗೊಬ್ಬರಂತೆ ಇದ್ದಾರೆ. ಆಗ ಪ್ರತಿ ಚಳಿಗಾಲ ಹಂಪಿಗೆ ಬಂದು ಕಂಬದ ಚಿತ್ರ ಬರೆಯುತ್ತ ಕೂರುವ ಲೌರಾ ಎಂಬ ಇಟಲಿಯ ಹೆಂಗಸು, "ನಮ್ಮ ಭಾಷೆ ಕಲಿ, ನಮ್ಮ ಜನ ಬರುತ್ತಾರೆ, ಅವರ ಜೊತೆ ಮಾತಾಡುವವರು ಇಲ್ಲ" ಅಂದರು. ನಾನು ಹೂಂ ಅಂದೆ. ಎರಡು ಚಳಿಗಾಲ ಕಲಿತೆ. ಇಟಲಿಯ ಗುಂಪುಗಳನ್ನು ಕರೆತರುವ ಒಂದು ಕಂಪನಿಯವರು, ಮುಂದಿನ ಸೀಜನ್ ಶುರುವಾಗುವ ಮೊದಲು ಒಂದು ದಿನ ನಿಮ್ಮನ್ನು ಪರೀಕ್ಷೆ ಮಾಡಿ ನೋಡುತ್ತೇವೆ, ಪಾಸಾದರೆ ಕೆಲಸ ಅಂತ ಪತ್ರ ಬರೆದರು. ಆ ಒಂದು ದಿನದ ಮೇಲೆ ನನ್ನ ಮುಂದಿನ ಬದುಕೆಲ್ಲ ನಿಂತಿತ್ತು.

ಮೊದಲ ಚಳಿಗಾಲದಲ್ಲಿ ನಾನು ಪಾಠಕ್ಕೆ ಕೂತದ್ದು ಮಾವನಿಗೆ ಗೊತ್ತಾದದ್ದೇ ತಡ, "ನಾನೂ ಕಲೀತೀನಿ. ಒಬ್ಬಾಕಿ ಕಲತ್ರ ತಪ್ಪು ಯಾರು ಹಿಡೀಬೇಕು?" ಎಂದು ನೋಟುಬುಕ್ಕು ತಂದರು. ಎಪ್ಪತ್ತೊಂದರ ಪ್ರಾಯದಲ್ಲಿ ನನ್ನ ಸಹಪಾಠಿ! ಎಲ್ಲರೂ ಭಾಷೆಯನ್ನು 'ನಮಸ್ಕಾರ'ದಿಂದ ಶುರು ಮಾಡಿದರೆ ಮಾವ ಒಂದು, ಎರಡು, ಮೂರರಿಂದ ಶುರು ಮಾಡಿದರು. ಉನೊ, ದೂಎ, ತ್ರೆ. ನಾಲ್ಕೇ ದಿನದಲ್ಲಿ ಸಾವಿರದವರೆಗೆ ಬಾಯಿಪಾಠ. "ಅಂಕಿ ಬಂದ್ರ ಭಾಷಿ ಬಂದಂಗ. ಮಿಕ್ಕಿದ್ದು ಬರೀ ಮಾತು" ಅಂದರು. ಬೆಳಿಗ್ಗೆ ಹಾಲು ತರಲು ಹೋಗುವಾಗ ಹೆಜ್ಜೆಗಳನ್ನು ಇಟಾಲಿಯನ್ನಿನಲ್ಲಿ ಎಣಿಸುತ್ತಿದ್ದರು. ಓಣಿಯ ಜನ ಇದೇನೋ ಹೊಸ ಮಂತ್ರ ಅಂದುಕೊಂಡು ದಾರಿ ಬಿಡುತ್ತಿದ್ದರು.

ಎಲ್ಲ ಸುಸೂತ್ರವಾಗಿತ್ತು. ಒಂದು ದಿನ ಲೌರಾ ದಿನಬಳಕೆಯ ಇಂಗ್ಲಿಷ್ ಮಾತುಗಳ ಪಟ್ಟಿ ಕೊಟ್ಟು ಇಟಾಲಿಯನ್ನಿಗೆ ಮಾಡಿಸುತ್ತಿದ್ದರು. ಅದರಲ್ಲಿ 'ಮೋರ್ ಆರ್ ಲೆಸ್' ಬಂತು. ಲೌರಾ ಸಲೀಸಾಗಿ, "ಪ್ಯು ಒ ಮೆನೊ" ಅಂದರು. ನಾನು ಬರೆದುಕೊಂಡೆ. ಮಾವ ಪೆನ್ನು ಕೆಳಗಿಟ್ಟರು.

"ಏನಂತದು?"

"ಹೆಚ್ಚು ಇಲ್ಲಾ ಕಡಿಮಿ ಅಂತ, ಮಾವ. ನಮ್ಮ ಹೆಚ್ಚುಕಮ್ಮಿ ಇದ್ದಂಗ."

"ಎಷ್ಟು ಹೆಚ್ಚು? ಎಷ್ಟು ಕಡಿಮಿ? ಕೇಳು ಆಕೀನ್ನ."

ಕೇಳಿದೆ. ಲೌರಾ ನಗುತ್ತ, ಅದಕ್ಕೆ ಲೆಕ್ಕವಿಲ್ಲ, ಸಂದರ್ಭ ನೋಡಿ ಹೇಳುವುದು ಅಂದರು. ಅಷ್ಟಕ್ಕೇ ಬಿಡಬಾರದೇ? ಇನ್ನೂ ಇವೆ ಎಂದು ಒಂದೊಂದೇ ಹೇಳತೊಡಗಿದರು. ಚಿರ್ಕಾ ಅಂದರೆ ಸುಮಾರು. ಕ್ವಾಜಿ ಅಂದರೆ ಇನ್ನೇನು ಮುಟ್ಟಿತು ಅನ್ನುವಷ್ಟು. ಸುಪ್ಪೆರ್ಜು ಅಂದರೆ ಮೇಲೆ ಕೆಳಗೆ. ಊನ ವೆಂತೀನ ಅಂದರೆ ಒಂದಿಪ್ಪತ್ತು. ಮಾವನ ಮುಖ ಬೇಸಿಗೆಯ ಕಾಲುವೆಯ ಹಾಗೆ ಇಳಿಯುತ್ತ ಹೋಯಿತು. ಇವರ ಪ್ರಕಾರ ಒಂದು ಶಬ್ದವೇ ಇರಬಾರದು, ಅಲ್ಲಿ ನೋಡಿದರೆ ಒಂದು ಕುಟುಂಬವೇ ಇದೆ! ಕೊನೆಗೆ ಅಂದರು: "ಇಂಥಾ ದೇಶದಾಗ ಕಾಲುವಿ ಹೆಂಗ ಹರೀತಾವವ್ವ?"

ಮೂರು ದಿನ ಪಾಠಕ್ಕೆ ಬರಲಿಲ್ಲ. ಮುನಿಸು ಅಂದುಕೊಂಡೆ. ನಾಲ್ಕನೇ ದಿನ ಲೌರಾ ಹೊಟ್ಟೆ ಹಿಡಿದುಕೊಂಡು ನಗುತ್ತ ಬಂದರು. ವಿರೂಪಾಕ್ಷ ಗುಡಿಯ ಮುಂದಿನ ಚಹಾದಂಗಡಿಯಲ್ಲಿ ಮಾವ ನೋಟುಬುಕ್ಕು ಹಿಡಿದು ಕೂತಿದ್ದಾರಂತೆ. ಇಟಲಿಯವರು ಯಾರೇ ಬರಲಿ, ಎದ್ದು ನಿಂತು ಕೈ ಮುಗಿದು, ತಾವು ಕಲಿತಷ್ಟು ಭಾಷೆಯಲ್ಲಿ ಕೇಳುತ್ತಾರಂತೆ: "ಊನ ವೆಂತೀನ ಅಂದರೆ ಕನಿಷ್ಠ ಎಷ್ಟು? ಗರಿಷ್ಠ ಎಷ್ಟು?" ಪಾಪ, ರಜೆಗೆ ಬಂದ ಜನ. ದೇವರ ದರ್ಶನಕ್ಕೆ ಬಂದರೆ ಬಾಗಿಲಲ್ಲೇ ಪರೀಕ್ಷೆ. ಆದರೂ ಕೂತು ಉತ್ತರ ಹೇಳಿದರಂತೆ. ಒಬ್ಬ ಹದಿನೆಂಟು ಅಂದರೆ ಅವನ ಹೆಂಡತಿ ಹದಿನೇಳೂ ನಡೆಯುತ್ತದೆ ಅಂದಳು. ಅಲ್ಲಿಯೇ ಗಂಡ ಹೆಂಡಿರ ಜಗಳ. ಮಾವ ಇಬ್ಬರದನ್ನೂ ಬೇರೆ ಬೇರೆ ಬರೆದುಕೊಂಡು, ಚಹಾ ಕುಡಿಸಿ ಕಳಿಸಿದರು.

ತಿಂಗಳೊಪ್ಪತ್ತಿನಲ್ಲಿ ಪಟ್ಟಿ ತಯಾರಾಯಿತು. ಕ್ಷಮಿಸಿ, ಇಪ್ಪತ್ತಾರು ದಿನದಲ್ಲಿ. ಉದ್ದ ಗೆರೆ, ಅಡ್ಡ ಗೆರೆ, ಕಾಲುವೆ ರಿಜಿಸ್ಟರಿನ ಹಾಗೆಯೇ. ಒಂದು ಕಡೆ ಇಟಾಲಿಯನ್ ಶಬ್ದ ಕನ್ನಡ ಅಕ್ಷರದಲ್ಲಿ, ಪಕ್ಕದಲ್ಲಿ ಕನಿಷ್ಠ ಮಟ್ಟ, ಗರಿಷ್ಠ ಮಟ್ಟ. ಹೊತ್ತಿಗೆ ಹೇಳಿದರೆ ಇಷ್ಟು, ದೂರಕ್ಕೆ ಹೇಳಿದರೆ ಇಷ್ಟು, ಜನಕ್ಕೆ ಹೇಳಿದರೆ ಇಷ್ಟು. ಲೌರಾ ಅದನ್ನು ಓದಿಸಿಕೊಂಡು ಕೇಳಿ, ನಗುವುದು ನಿಲ್ಲಿಸಿ, "ಇದು ಸರಿ ಇದೆ. ನಾವು ಹೀಗೇ ಮಾತಾಡುತ್ತೇವೆ, ನಮಗೇ ಗೊತ್ತಿರಲಿಲ್ಲ" ಅಂದರು. ಒಂದು ಸಾಲು ಮಾತ್ರ ಖಾಲಿ. 'ಪ್ಯು ಒ ಮೆನೊ' ಎದುರಿಗೆ ಅಂಕಿ ಇರಲಿಲ್ಲ, ಕಾಟು ಹೊಡೆದಿತ್ತು.

"ಇದ್ಯಾಕ ಮಾವ?"

"ಒಬ್ರು ಐದು ನಿಮಿಷ ಅಂದ್ರು, ಒಬ್ರು ಅರ್ಧ ದಿನ ಅಂದ್ರು. ಈ ಮಾತಿಗೆ ದಡಾನಽ ಇಲ್ಲವ್ವ. ನಾನು ಕಟ್ಟಾಕ ನೋಡಿದೆ, ಆಗಲಿಲ್ಲ. ದಡ ಇಲ್ಲದ ಮಾತು ನೀ ಆಡಬ್ಯಾಡ."

ಆಡಬಾರದ ಮಾತನ್ನೇ ಆಡಿದೆ, ಅದೂ ಪರೀಕ್ಷೆಯ ದಿನವೇ.

ಅಂದು ಬಂದದ್ದು ಹದಿನಾರು ಜನರ ಗುಂಪು, ಹೆಚ್ಚಿನವರು ವಯಸ್ಸಾದವರು. ಜೊತೆಗೆ ಕಂಪನಿಯ ಮನುಷ್ಯ, ಕೈಯಲ್ಲಿ ಹಾಳೆ, ಮುಖದಲ್ಲಿ ನಗುವಿಲ್ಲ. ಹಿಂದಿನ ದಿನವೇ ಷರತ್ತು ಹೇಳಿದ್ದ: ಗುಂಪಿನ ಹತ್ತಿರ ಹೊರಗಿನವರು ಯಾರೂ ಸುಳಿಯಬಾರದು. ಸಹಾಯಕರು, ಅಂಗಡಿಯವರು, ಪರಿಚಯದವರು ಯಾರಾದರೂ ಹಿಂದೆ ಬಿದ್ದರೆ ಕೆಲಸದ ಆಸೆ ಬಿಡಬೇಕು. ಇದನ್ನು ಮಾವನಿಗೆ ಎರಡೆರಡು ಸಲ ಹೇಳಿ, ಮನೆಯಲ್ಲೇ ಇರಿ ಅಂತ ಕೈ ಮುಗಿದು ಬಂದಿದ್ದೆ. "ಆತು" ಅಂದಿದ್ದರು.

ಬೆಳಗಿನ ಗುಡಿ ಚೆನ್ನಾಗಿಯೇ ಆಯಿತು. ಬಜಾರಿನ ತುದಿಯಲ್ಲಿ ಎದುರು ಬಸವಣ್ಣನ ಹತ್ತಿರ ಬಂದೆವು. ಅಲ್ಲಿಂದ ಮೆಟ್ಟಿಲು ಹತ್ತಿ ಗುಡ್ಡದ ಸಂದಿ ದಾಟಿದರೆ ಅಚ್ಯುತರಾಯ ಗುಡಿ. ಊರುಗೋಲು ಹಿಡಿದ ಒಬ್ಬ ಅಜ್ಜ ಕೇಳಿದರು, "ಎಷ್ಟು ದೂರ? ನನ್ನ ಮಂಡಿ ನೋವು."

"ಹತ್ತು ನಿಮಿಷ, ಪ್ಯು ಒ ಮೆನೊ" ಅಂದುಬಿಟ್ಟೆ. ಎಲ್ಲ ಗೈಡುಗಳೂ ಅನ್ನುವುದೇ ಅದು. ನಾಲಿಗೆಗೆ ಸುಲಭ.

ಹದಿನೈದು ನಿಮಿಷವಾದರೂ ನಾವು ಇನ್ನೂ ಮೆಟ್ಟಿಲ ಮೇಲೆಯೇ ಇದ್ದೆವು. ಬಿಸಿಲು ಏರಿತ್ತು. ಅಜ್ಜ ಒಂದು ಕಲ್ಲಿನ ಮೇಲೆ ಕೂತು, ಇನ್ನೆಷ್ಟು ಅಂದರು. ಸ್ವಲ್ಪ ಅಂದೆ. "ನೀವು ಆಗಲೂ ಹತ್ತೇ ನಿಮಿಷ ಅಂದಿರಿ. ನಾನು ಬರುವುದಿಲ್ಲ" ಅಂದರು. ಸಿಟ್ಟಿನಿಂದಲ್ಲ, ಹೆದರಿಕೆಯಿಂದ. ಮುಂದೆ ಎಷ್ಟಿದೆಯೋ, ಹತ್ತಲಾಗದೆ ನಡುವೆಯೇ ನಿಂತರೆ ಹೇಗೋ ಎಂಬ ಹೆದರಿಕೆ. ಅವರ ಹೆಂಡತಿಯೂ ಕೂತರು. ನೋಡನೋಡುತ್ತ ಅರ್ಧ ಗುಂಪು ಕೂತಿತು. ಕಂಪನಿಯ ಮನುಷ್ಯ ಗಡಿಯಾರ ನೋಡಿ ಹಾಳೆಯ ಮೇಲೆ ಏನೋ ಬರೆದ.

ಆಗ ಕೆಳಗಿನಿಂದ ಹಳೆಯ ಖಾಕಿ ಟೋಪಿಯೊಂದು ಮೆಟ್ಟಿಲು ಹತ್ತಿ ಬಂತು. ಮಾವ! ಬಸವಣ್ಣನ ಮಂಟಪದಲ್ಲಿ ಬೆಳಿಗ್ಗೆಯಿಂದ ಪೇಪರ್ ಓದುತ್ತ ಕೂತಿದ್ದರಂತೆ. ನನ್ನ ಕಡೆ ನೋಡಲೂ ಇಲ್ಲ. ನೇರ ಅಜ್ಜನ ಹತ್ತಿರ ಹೋಗಿ, "ಸಿಞೋರೆ, ಚೆಂತೊ ತ್ರೇದಿಚಿ ಗ್ರಾದೀನಿ" ಅಂದರು. ಇಲ್ಲಿಂದ ಇನ್ನು ನೂರಾ ಹದಿಮೂರು ಮೆಟ್ಟಿಲು ಅಂತ. ಮೊದಲೇ ಪೂರ್ತಿ ಎಣಿಸಿಟ್ಟಿದ್ದರಲ್ಲಿ ಈಗ ಹತ್ತಿ ಬಂದಷ್ಟನ್ನು ಕಳೆದಿದ್ದರು.

ಅಜ್ಜ ತಲೆಯೆತ್ತಿ, ವ್ಯಂಗ್ಯವಾಗಿ ಕೇಳಿದರು, "ಪ್ಯು ಒ ಮೆನೊ?"

ಮಾವನ ಮುಖ ಕೆಂಪಾಯಿತು. "ನೋ. ಚೆಂತೊ ತ್ರೇದಿಚಿ."

ಅಜ್ಜ ಅವರನ್ನೇ ದಿಟ್ಟಿಸಿದರು. ಆಮೇಲೆ ಕೈ ಚಾಚಿದರು. ಮಾವ ಹಿಡಿದು ಎಬ್ಬಿಸಿದರು. "ಉನೊ" ಅಂದರು ಮಾವ, ಒಂದು ಮೆಟ್ಟಿಲು. "ದೂಎ" ಅಂದರು ಅಜ್ಜ. "ತ್ರೆ" ಅಂದರು ಅಜ್ಜನ ಹೆಂಡತಿ. ಇಪ್ಪತ್ತು ದಾಟುವಷ್ಟರಲ್ಲಿ ಇಡೀ ಗುಂಪು ಎಣಿಸುತ್ತಿತ್ತು. ಐವತ್ತಕ್ಕೆ ಮಾವ ನಿಲ್ಲಿಸಿ ನೀರು ಕುಡಿಸಿದರು. ಎಂಬತ್ತಕ್ಕೆ ಅಜ್ಜ, ಇನ್ನು ಮೂವತ್ಮೂರೇ ಅಂತ ತಾವೇ ಲೆಕ್ಕ ಹಾಕಿದರು. ನೂರಾ ಹದಿಮೂರಕ್ಕೆ ಸರಿಯಾಗಿ ಮೆಟ್ಟಿಲು ಮುಗಿಯಿತು, ಕೆಳಗೆ ಗುಡಿಯ ಗೋಪುರ ಕಂಡಿತು. ಜನ ಚಪ್ಪಾಳೆ ತಟ್ಟಿದರು. ಅಷ್ಟು ಹೊತ್ತಿಗೆ ಮಾವ ಹಿಂದೆ ಸರಿದು, ಗುರುತಿಲ್ಲದವರ ಹಾಗೆ ಒಂದು ಬಂಡೆಯ ಪಕ್ಕ ನಿಂತಿದ್ದರು.

ಕಂಪನಿಯ ಮನುಷ್ಯ ನನ್ನನ್ನು ಪಕ್ಕಕ್ಕೆ ಕರೆದ. "ಹೊರಗಿನವರು ಬರಬಾರದು ಅಂದಿದ್ದೆ. ಆತ ಯಾರು?"

ಗೊತ್ತಿಲ್ಲ ಅನ್ನಬಹುದಿತ್ತು. ಮಾವ ಅದಕ್ಕೆ ಸಿದ್ಧರಾಗಿಯೇ ಬಂಡೆಯ ಕಡೆ ಮುಖ ಮಾಡಿ ನಿಂತಿದ್ದರು. ದಾರಿಹೋಕ ಯಾರೋ ಸಹಾಯ ಮಾಡಿದ ಅಂದಿದ್ದರೆ ಕೆಲಸ ಉಳಿಯುತ್ತಿತ್ತು.

ನನಗೆ ಆರು ವರ್ಷವಿದ್ದಾಗ ನನ್ನ ಅಪ್ಪ ತೀರಿಕೊಂಡ. ಮಣ್ಣಿಗೆ ಬಂದ ಬಂಧುಗಳೆಲ್ಲ ಹೋಗುವಾಗ ಅಮ್ಮನಿಗೆ, "ಆಗಾಗ ಬಂದು ಹೋಗ್ತೀವಿ, ಏನಾರ ಬೇಕಂದ್ರ ಹೇಳು" ಅಂದರು. ಅವರ 'ಆಗಾಗ' ಎಂದೂ ಬರಲಿಲ್ಲ. ಅಮ್ಮನ ತಮ್ಮ ಒಬ್ಬರೇ ಹಾಗೆ ಅನ್ನಲಿಲ್ಲ. ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತು, "ನಾಳೆ ಎಂಟೂ ಹತ್ತಕ್ಕ ಬರ್ತೀನಿ. ಸಾಲಿಗೆ ಬಿಡ್ತೀನಿ" ಅಂದರು. ಬೆಳಗಿನ ನೀರಿನ ಮಟ್ಟ ಓದಿ, ಡ್ಯಾಮಿನಿಂದ ಚಿತ್ತವಾಡ್ಗಿಗೆ ಸೈಕಲ್ ತುಳಿದು, ಎಂಟೂ ಹತ್ತಕ್ಕೆ ನಮ್ಮ ಬಾಗಿಲಲ್ಲಿ ಗಂಟೆ ಬಾರಿಸಿದರು. ಮರುದಿನವೂ ಬಂದರು. ಹತ್ತನೇ ಇಯತ್ತೆ ಮುಗಿಯುವವರೆಗೆ ಬಂದರು. ಎಂಟೂ ಹನ್ನೊಂದು ಆದದ್ದು ನನಗೆ ನೆನಪಿಲ್ಲ. ಅವರ ಅಳತೆಗೆ ಊರೆಲ್ಲ ನಗುತ್ತದೆ, ನಾನೂ ನಗುತ್ತೇನೆ. ಆದರೆ ನಾಳೆ ಬರುತ್ತಾರೋ ಇಲ್ಲವೋ ಎಂದು ಕಾಯದೆ ನಿದ್ದೆ ಮಾಡಿದ ಮಗು ನಾನು, ಅದು ಅವರು ಕೊಟ್ಟದ್ದು.

"ಮಿಯೊ ಪಾದ್ರೆ" ಅಂದೆ. ನನ್ನ ಅಪ್ಪ.

ಮಾವ ಆರೇಳು ಹೆಜ್ಜೆ ದೂರದಲ್ಲಿದ್ದರು, ಅವರಿಗೆ ಕೇಳಿಸಿತು. ಆ ಶಬ್ದ ಅವರಿಗೆ ಗೊತ್ತಿತ್ತು. ಜೀವಮಾನವಿಡೀ ಎದುರಿಗಿದ್ದವರ ಮಾತನ್ನು ಅರ್ಧಕ್ಕೇ ತಿದ್ದಿದವರು, ಈಗ ತಿದ್ದಿಯಾರು ಎಂದು ಅವರ ಕಡೆಯೇ ನೋಡಿದೆ. ಅವರು ಟೋಪಿ ತೆಗೆದು ಒಳಗಡೆ ಒರೆಸಿದರು, ಮತ್ತೆ ಹಾಕಿಕೊಂಡರು. ತಿದ್ದಲಿಲ್ಲ. ಕಂಪನಿಯ ಮನುಷ್ಯ ಅವರನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. ಹಾಳೆಯ ಮೇಲೆ ಒಂದು ಸಾಲು ಹೊಡೆದುಹಾಕಿ, ಇನ್ನೊಂದು ಬರೆದ. ಸಂಜೆ ಬಸ್ಸು ಹತ್ತುವ ಮೊದಲು, ನವೆಂಬರಿನಿಂದ ಬನ್ನಿ ಅಂದ.

ಗುಂಪು ಹೋದ ಮೇಲೆ ಮಾವನ ಟಿವಿಎಸ್ ನಿಲ್ಲಿಸಿದ್ದ ಬೇವಿನ ಮರದ ಹತ್ತಿರ ಹೋದೆ. ಮಾವ ಹ್ಯಾಂಡಲ್ ಹಿಡಿದು ನಿಂತು, ಮೇಷ್ಟರ ಗತ್ತಿನಲ್ಲಿ ಶುರು ಮಾಡಿದರು.

"ನೋಡವ್ವ, ಇವತ್ತು ನಿನ್ನ ಇಟಾಲಿಯನ್ನಾಗ ಎರಡು ತಪ್ಪಾದವು. ಒಂದು, ಆ ಹಿರಿಯರಿಗೆ ಹತ್ತು ನಿಮಿಷ ಅಂದಿ."

"ಹೌದು ಮಾವ, ತಪ್ಪಾತು. ಎರಡನೇದು?"

ಅವರು ಗಾಡಿಯ ಕಡೆ ತಿರುಗಿದರು. ಪೆಡಲ್ ತುಳಿದರು, ಚಾಲೂ ಆಗಲಿಲ್ಲ. ಇನ್ನೊಮ್ಮೆ ತುಳಿದರು. ನನ್ನ ಕಡೆ ನೋಡದೆಯೇ ಹೇಳಿದರು:

"ಒಂದಽ ತಪ್ಪು. ನಾನಽ ಎಣಸೂದ್ರಾಗ ತಪ್ಪೀನಿ. ಗಾಡಿ ಹತ್ತು, ಮನಿಗೆ ಹೋಗೂಣು."